ಗಡಿ ನಿರ್ಧಾರಕ್ಕೆ ಜನಮತಗಣನೆ ಮದ್ದೇ? ಚಿಕ್ಕೋಡಿ–ನಿಪ್ಪಾಣಿ ಸೀಮೆಯ ಮುಂದಿರುವ ವಾದ–ಪ್ರತಿವಾದ

ಬೆಳಗಾವಿ ಗಡಿ ತಕರಾರು ಕಾವೇರಿದಾಗಲೆಲ್ಲ ಒಂದು ಮಾತು ಮುನ್ನೆಲೆಗೆ ಬರುತ್ತದೆ: ‘ಆಯೋಗ ಬೇಡ, ಕೋರ್ಟು ಬೇಡ, ಅಲ್ಲಿಯ ಜನರನ್ನೇ ಕೇಳಿಬಿಡಿ’. ಮರಾಠಿಯಲ್ಲಿ ಇದಕ್ಕೆ ‘ಸಾರ್ವಮತ’ ಎನ್ನುತ್ತಾರೆ. ಕನ್ನಡದಲ್ಲಿ ಜನಮತಗಣನೆ. ಕೇಳಲು ಇದಕ್ಕಿಂತ ನ್ಯಾಯವಾದ ಮಾತಿಲ್ಲ. ಪ್ರಜಾಪ್ರಭುತ್ವದಲ್ಲಿ ಜನರೇ ಪ್ರಭುಗಳು ಎಂದಮೇಲೆ ತಾವು ಯಾವ ರಾಜ್ಯದಲ್ಲಿ ಇರಬೇಕೆಂಬುದನ್ನು ಅವರೇ ಹೇಳಬಾರದೇಕೆ?

ಆದರೆ ಈ ಸರಳ ಪ್ರಶ್ನೆಯ ಹಿಂದೆ ಇನ್ನೂ ನಾಲ್ಕು ಪ್ರಶ್ನೆಗಳಿವೆ. ಯಾರನ್ನು ಕೇಳಬೇಕು? ಏನೆಂದು ಕೇಳಬೇಕು? ಮತಗಳನ್ನು ಊರುವಾರು ಎಣಿಸಬೇಕೋ, ತಾಲ್ಲೂಕುವಾರು ಎಣಿಸಬೇಕೋ? ಸೋತವರ ಗತಿಯೇನು? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಮಟ್ಟಿಗೆ ಈ ಪ್ರಶ್ನೆಗಳು ಪುಸ್ತಕದ ಬದನೆಕಾಯಿಗಳಲ್ಲ. ಜಮೀನಿನ ಉತಾರ, ಮಕ್ಕಳ ಶಾಲೆ, ಕಬ್ಬಿನ ಬಿಲ್ಲು, ನದಿಯ ನೀರು ಇವೆಲ್ಲವೂ ಅವುಗಳ ಉತ್ತರವನ್ನು ಅವಲಂಬಿಸಿವೆ.

ಸ್ವಾತಂತ್ರ್ಯದ ಮತ ಬೇರೆ, ಗಡಿಯ ಮತ ಬೇರೆ

ಜನಮತಗಣನೆ ಎಂದೊಡನೆ ಇಂದಿನ ಓದುಗರಿಗೆ ನೆನಪಾಗುವುದು ಸ್ಕಾಟ್ಲೆಂಡ್ ಅಥವಾ ಕ್ವಿಬೆಕ್. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಜನ ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ರಾಷ್ಟ್ರವಾಗಬೇಕೇ ಎಂಬ ಪ್ರಶ್ನೆಗೆ ಮತ ನೀಡಿದರು. ಶೇ. 55.3ರಷ್ಟು ಮಂದಿ ಬೇಡವೆಂದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1995ರಲ್ಲಿ ನಡೆದ ಮತದಾನದಲ್ಲಿ ಬೇಡವೆಂದವರು ಶೇ. 50.58. ಕೂದಲೆಳೆಯ ಅಂತರ. ಅದರ ಬೆನ್ನಿಗೆ 1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಒಂದು ಮಹತ್ವದ ಅಭಿಪ್ರಾಯ ನೀಡಿತು. ಪ್ರಾಂತ್ಯವೊಂದು ಏಕಪಕ್ಷೀಯವಾಗಿ ದೇಶದಿಂದ ಹೊರಹೋಗುವಂತಿಲ್ಲ. ಆದರೆ ಸ್ಪಷ್ಟವಾದ ಪ್ರಶ್ನೆಗೆ ಸ್ಪಷ್ಟವಾದ ಬಹುಮತ ದೊರೆತರೆ ಉಳಿದವರು ಮಾತುಕತೆಗೆ ಬರಲೇಬೇಕು ಎಂದಿತು.

ಬೆಳಗಾವಿಯ ಪ್ರಶ್ನೆ ಈ ಜಾತಿಯದಲ್ಲ. ಇಲ್ಲಿ ಯಾರೂ ದೇಶ ಬಿಡುವ ಮಾತಾಡುತ್ತಿಲ್ಲ. ಮತ ಯಾವ ಕಡೆ ಬಿದ್ದರೂ ನಾಗರಿಕತ್ವ, ನಾಣ್ಯ, ಸಂವಿಧಾನ ಯಾವುದೂ ಬದಲಾಗದು. ಬದಲಾಗುವುದು ರಾಜ್ಯದ ಹೆಸರು ಮತ್ತು ಆಡಳಿತದ ಭಾಷೆ. ಹೀಗಾಗಿ ಇದು ಸುಲಭವೆಂದು ಕೆಲವರ ವಾದ. ಹೀಗಾಗಿಯೇ ಇದು ಅನಗತ್ಯವೆಂದು ಇನ್ನು ಕೆಲವರ ವಾದ.

ಭಾರತದಲ್ಲಿ ಜನರನ್ನು ಕೇಳಿದ್ದುಂಟೆ?

ಉಂಟು. ದೇಶ ವಿಭಜನೆಯ ಸಂದರ್ಭದಲ್ಲಿ, 1947ರ ಜುಲೈನಲ್ಲಿ, ವಾಯವ್ಯ ಗಡಿ ಪ್ರಾಂತ್ಯ ಮತ್ತು ಅಸ್ಸಾಮಿನ ಸಿಲ್ಹೆಟ್ ಜಿಲ್ಲೆಯಲ್ಲಿ ಮತ ಕೇಳಲಾಯಿತು. 1948ರ ಫೆಬ್ರವರಿಯಲ್ಲಿ ಜುನಾಗಢದ ಜನ ಮತ ನೀಡಿದಾಗ ಒಟ್ಟು 1,90,870 ಮತಗಳು ಬಿದ್ದವು; ಅವುಗಳಲ್ಲಿ ಪಾಕಿಸ್ತಾನದ ಪರ ಬಿದ್ದದ್ದು 91. ಫ್ರೆಂಚರ ಕೈಯಲ್ಲಿದ್ದ ಚಂದ್ರನಗರ 1949ರ ಜೂನ್‌ನಲ್ಲಿ ಮತದಾನದ ಮೂಲಕವೇ ಭಾರತದೊಡನೆ ಸೇರುವ ತೀರ್ಮಾನ ಕೈಗೊಂಡಿತು. 1975ರ ಏಪ್ರಿಲ್ 14ರಂದು ಸಿಕ್ಕಿಂನಲ್ಲಿ ನಡೆದ ಮತದಾನದಲ್ಲಿ 59,637 ಮಂದಿ ರಾಜಪ್ರಭುತ್ವ ಕೊನೆಗೊಳಿಸಿ ಭಾರತದಲ್ಲಿ ವಿಲೀನವಾಗುವ ಪರ ನಿಂತರು, ವಿರೋಧಿಸಿದವರು 1,496. ಕಾಶ್ಮೀರದಲ್ಲಿ ಜನಮತಗಣನೆಯ ಮಾತು ವಿಶ್ವಸಂಸ್ಥೆಯವರೆಗೆ ಹೋಯಿತಾದರೂ ನಡೆಯಲಿಲ್ಲ.

ಇವೆಲ್ಲವೂ ಭಾರತಕ್ಕೆ ಸೇರುವ ಪ್ರಶ್ನೆಗಳು. ದೇಶದೊಳಗಿನ ಒಂದು ಪ್ರದೇಶ ಯಾವ ರಾಜ್ಯಕ್ಕೆ ಸೇರಬೇಕೆಂದು ನೇರವಾಗಿ ಮತ ಕೇಳಿದ ಪ್ರಸಿದ್ಧ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಅದು ಗೋವಾ.

1967ರ ಜನವರಿ 16ರಂದು ಗೋವಾ ಜನರ ಮುಂದೆ ಎರಡು ಆಯ್ಕೆಗಳಿದ್ದವು: ಮಹಾರಾಷ್ಟ್ರದಲ್ಲಿ ವಿಲೀನವಾಗುವುದು ಇಲ್ಲವೆ ಕೇಂದ್ರಾಡಳಿತ ಪ್ರದೇಶವಾಗಿ ಉಳಿಯುವುದು. ಇದಕ್ಕೆಂದೇ ಸಂಸತ್ತು 1966ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತ್ತು. ವಿಲೀನದ ಪರವಾಗಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡಕರ ಅವರ ಸರ್ಕಾರ ಅಧಿಕಾರದಲ್ಲಿದ್ದರೆ ಮತದಾನ ನಿಷ್ಪಕ್ಷಪಾತವಾಗದೆಂಬ ಆಕ್ಷೇಪ ಬಂದದ್ದರಿಂದ ಅವರು ರಾಜೀನಾಮೆ ನೀಡಿದರು. ಎಣಿಕೆ ಮುಗಿದಾಗ ವಿಲೀನಕ್ಕೆ 1,38,170 ಮತ, ಪ್ರತ್ಯೇಕವಾಗಿ ಉಳಿಯುವುದಕ್ಕೆ 1,72,191 ಮತ. ಅಂತರ 34,021. ಗೋವಾ ಬೇರೆಯಾಗಿಯೇ ಉಳಿಯಿತು. 1987ರಲ್ಲಿ ರಾಜ್ಯವೂ ಆಯಿತು.

ಒಂದೇ ಚಳಿಗಾಲ, ಎರಡು ದಾರಿ

ಇಲ್ಲಿ ಒಂದು ಸಂಗತಿ ಗಮನಾರ್ಹ. ಗೋವಾಕ್ಕೆ ಮತದಾನ ಗೊತ್ತಾದ ಅದೇ ತಿಂಗಳುಗಳಲ್ಲಿ ದಿಲ್ಲಿಯು ಬೆಳಗಾವಿಗೆ ಬೇರೆ ದಾರಿ ಆರಿಸಿತು. ಗಡಿ ಪ್ರಶ್ನೆಗಾಗಿ ಸೇನಾಪತಿ ಬಾಪಟ್ ಅವರು ನಡೆಸಿದ ಉಪವಾಸದ ಬಳಿಕ, 1966ರ ಅಕ್ಟೋಬರ್ 25ರಂದು, ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ ನೇಮಕವಾಯಿತು. ಇದೇ ಮಹಾಜನ್ 1947ರಲ್ಲಿ ಜಮ್ಮು–ಕಾಶ್ಮೀರ ಸಂಸ್ಥಾನವು ಭಾರತಕ್ಕೆ ಸೇರಿದಾಗ ಅದರ ಪ್ರಧಾನಿಯಾಗಿದ್ದವರು. ಒಂದು ಸೀಮೆಯ ಜನರಿಗೆ ಮತಪೆಟ್ಟಿಗೆ, ಪಕ್ಕದ ಸೀಮೆಯ ಜನರಿಗೆ ನ್ಯಾಯಮೂರ್ತಿ.

ಈ ವ್ಯತ್ಯಾಸಕ್ಕೆ ಕಾರಣವಿಲ್ಲದೆ ಇಲ್ಲ. ಗೋವಾ ಆಗ ಯಾವ ರಾಜ್ಯದ ಭಾಗವೂ ಆಗಿರಲಿಲ್ಲ, ಕೇಂದ್ರದ ನೇರ ಆಡಳಿತದಲ್ಲಿತ್ತು. ಅದರ ಎಲ್ಲೆಗಳು ಖಚಿತವಾಗಿದ್ದವು. ಯಾವ ಹಳ್ಳಿ ಗೋವಾದ್ದು, ಯಾವುದು ಅಲ್ಲ ಎಂಬ ತಂಟೆಯೇ ಇರಲಿಲ್ಲ. ಬೆಳಗಾವಿ ಸೀಮೆಯಲ್ಲಾದರೋ ತಕರಾರು ಇದ್ದದ್ದೇ ಎಲ್ಲೆಯ ಬಗ್ಗೆ. ಅಲ್ಲದೆ ಎರಡು ಚುನಾಯಿತ ಸರ್ಕಾರಗಳು ಎದುರುಬದುರು ನಿಂತಿದ್ದವು: ಒಂದೆಡೆ ಎಸ್. ನಿಜಲಿಂಗಪ್ಪನವರ ಮೈಸೂರು ಸರ್ಕಾರ, ಇನ್ನೊಂದೆಡೆ ವಸಂತರಾವ್ ನಾಯಕ ಅವರ ಮಹಾರಾಷ್ಟ್ರ ಸರ್ಕಾರ.

1967ರ ಆಗಸ್ಟ್‌ನಲ್ಲಿ ಮಹಾಜನ್ ವರದಿ ಬಂದಿತು. ಬೆಳಗಾವಿ ನಗರ ಕರ್ನಾಟಕದಲ್ಲೇ ಇರಬೇಕು. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿದಂತೆ 264 ಗ್ರಾಮಗಳು ಮಹಾರಾಷ್ಟ್ರಕ್ಕೆ ಹೋಗಬೇಕು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯ 247 ಗ್ರಾಮಗಳು ಕರ್ನಾಟಕಕ್ಕೆ ಬರಬೇಕು ಎಂದು ಅದು ಹೇಳಿತು. ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂಬ ಶಿಫಾರಸೂ ಅದರಲ್ಲಿತ್ತು. ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು. ಕರ್ನಾಟಕ ಅದನ್ನೇ ಅಂತಿಮವೆಂದಿತು. ಯಾವ ಹಳ್ಳಿಯೂ ಅತ್ತಿತ್ತ ಆಗಲಿಲ್ಲ.

ಓದುಗರು ಒಂದಂಶ ಮರೆಯಬಾರದು. ‘ಮಹಾಜನ್ ವರದಿ ಅಂತಿಮ’ ಎಂದು ಘೋಷಣೆ ಕೂಗುವಾಗ ನಿಪ್ಪಾಣಿಯನ್ನು ಬಿಟ್ಟುಕೊಡುವ ಮಾತೂ ಅದೇ ವರದಿಯಲ್ಲಿದೆ ಎಂಬುದು ಬೆಂಗಳೂರಿನಲ್ಲಿ ಅನೇಕರಿಗೆ ನೆನಪಿರುವುದಿಲ್ಲ. ನಿಪ್ಪಾಣಿಯ ಕನ್ನಡಿಗರಿಗೆ ಅದು ಚೆನ್ನಾಗಿ ನೆನಪಿದೆ.

ಐದು ತಾಲ್ಲೂಕು, ಐದು ಬಗೆ

ಹೊರಗಿನಿಂದ ನೋಡುವವರಿಗೆ ‘ಗಡಿಭಾಗ’ ಎಂಬುದು ಒಂದೇ ಬಣ್ಣದ ಪಟ್ಟಿ. ಒಳಗೆ ಹಾಗಿಲ್ಲ.

ನಿಪ್ಪಾಣಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ತಂಬಾಕು ಪೇಟೆ. ಕೊಲ್ಲಾಪುರ ಅಲ್ಲಿಂದ ಸುಮಾರು 40 ಕಿಲೋಮೀಟರ್; ಬೆಳಗಾವಿ ಅದಕ್ಕಿಂತ ದೂರ. ಪೇಟೆಯಲ್ಲಿ ಮರಾಠಿ ಪ್ರಬಲ. ಬೀಡಿ ಕಟ್ಟುವ ಸಾವಿರಾರು ಹೆಣ್ಣುಮಕ್ಕಳ ದುಡಿಮೆ ಈ ಪೇಟೆಯ ಬೆನ್ನೆಲುಬು. ಚಿಕ್ಕೋಡಿ ಕನ್ನಡ–ಮರಾಠಿ ಎರಡೂ ಕೂಡಿಬಾಳುವ ಊರು. ರಾಯಬಾಗ ಹಿಂದೆ ಕೊಲ್ಲಾಪುರ ಸಂಸ್ಥಾನದ ಆಳ್ವಿಕೆಯಲ್ಲಿತ್ತು. ಸಂಸ್ಥಾನ ವಿಲೀನವಾದ ಮೇಲೆ ಬೆಳಗಾವಿ ಜಿಲ್ಲೆಗೆ ಸೇರಿತು. ಅರಸು ಮರಾಠಿಯವನಾದರೂ ಪ್ರಜೆಗಳ ಮಾತು ಬಹುಮಟ್ಟಿಗೆ ಕನ್ನಡವೇ ಆಗಿತ್ತು. ಅಥಣಿ ಮುರುಘೇಂದ್ರ ಶಿವಯೋಗಿಗಳ ಊರು, ಗಟ್ಟಿ ಕನ್ನಡದ ನೆಲ. ಆದರೆ ಅದರ ಉತ್ತರಕ್ಕಿರುವ ಜತ್ತದಲ್ಲೂ ಕನ್ನಡವೇ ಕೇಳಿಸುತ್ತದೆ, ಅದು ಮಾತ್ರ ಮಹಾರಾಷ್ಟ್ರದಲ್ಲಿದೆ. ಕಾಗವಾಡದವರಿಗೆ ಆಸ್ಪತ್ರೆ, ಕಾಲೇಜು, ಸಂತೆ ಎಂದರೆ ಮೀರಜ ಹತ್ತಿರ. ಉಗಾರ, ಶೇಡಬಾಳ, ಕುಡಚಿ, ರಾಯಬಾಗಗಳನ್ನು ಬೆಸೆದಿರುವ ಬೆಳಗಾವಿ–ಮೀರಜ ರೈಲು ಮಾರ್ಗ ರಾಜ್ಯಗಳ ಎಲ್ಲೆ ಹುಟ್ಟುವ ಮೊದಲಿನದು.

ಮನೆಮಾತು ಒಂದು, ಪೇಟೆಮಾತು ಇನ್ನೊಂದು ಎಂಬುದು ಇಲ್ಲಿ ಸಾಮಾನ್ಯ. ಭಾಷಾಶಾಸ್ತ್ರಜ್ಞರಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ಅದರ ವಸ್ತು ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಕುಪವಾಡ. ಅಲ್ಲಿ ಜೈನರು ಮನೆಯಲ್ಲಿ ಕನ್ನಡ, ಮುಸಲ್ಮಾನರು ಉರ್ದು ಆಡುತ್ತ, ಬೀದಿಯಲ್ಲಿ ಪರಸ್ಪರ ಮರಾಠಿಯಲ್ಲಿ ವ್ಯವಹರಿಸುತ್ತ ಬಂದಿದ್ದರು. ಶತಮಾನಗಳ ಒಡನಾಟದಿಂದ ಈ ಭಾಷೆಗಳ ವಾಕ್ಯರಚನೆ ಎಷ್ಟು ಒಂದಾಗಿಬಿಟ್ಟಿತ್ತೆಂದರೆ, ಪದಕ್ಕೆ ಪದ ಬದಲಿಸಿದರೆ ಸಾಕು, ಒಂದು ಭಾಷೆಯ ವಾಕ್ಯ ಇನ್ನೊಂದರದಾಗುತ್ತಿತ್ತು. ಇಂಥ ನಾಡಿನಲ್ಲಿ ‘ನಿನ್ನ ಭಾಷೆ ಯಾವುದು’ ಎಂಬ ಪ್ರಶ್ನೆಗೆ ಜನಗಣತಿಯವನಿಗೆ ಕೊಟ್ಟ ಒಂದು ಉತ್ತರ ಪೂರ್ತಿ ಸತ್ಯವಾಗಲಾರದು.

ಇದಕ್ಕೆ ಚಪ್ಪಲಿಯೇ ಸಾಕ್ಷಿ. ‘ಕೊಲ್ಲಾಪುರಿ’ ಎಂದು ಹೆಸರಾದ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳೂ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಅದಕ್ಕೆ ದೊರೆತ ಭೌಗೋಳಿಕ ಸೂಚಿಕೆ ಎರಡೂ ರಾಜ್ಯಗಳ ನಾಲ್ಕು ನಾಲ್ಕು ಜಿಲ್ಲೆಗಳಿಗೆ ಜಂಟಿಯಾಗಿದೆ. ಚಪ್ಪಲಿಯ ವಿಷಯದಲ್ಲಿ ಸಾಧ್ಯವಾದ ಒಪ್ಪಂದ ನೆಲದ ವಿಷಯದಲ್ಲಿ ಸಾಧ್ಯವಾಗಿಲ್ಲ.

ಮತ ಬೇಕೆನ್ನುವವರ ವಾದ

ಜನಮತಗಣನೆಯ ಪರ ಇರುವವರು ಮುಖ್ಯವಾಗಿ ಮೂರು ಮಾತು ಹೇಳುತ್ತಾರೆ.

ಮೊದಲನೆಯದು, 1956ರಲ್ಲಿ ಜನರನ್ನು ಯಾರೂ ಕೇಳಲಿಲ್ಲ ಎಂಬುದು. ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್‌ನಲ್ಲಿ ವರದಿ ನೀಡಿತು. ಅದರಂತೆ ಮುಂಬಯಿ ರಾಜ್ಯದಲ್ಲಿದ್ದ ಬೆಳಗಾವಿ ಜಿಲ್ಲೆ, ಚಂದಗಡ ತಾಲ್ಲೂಕೊಂದನ್ನು ಬಿಟ್ಟು, 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ಮನವಿಗಳನ್ನು ಸ್ವೀಕರಿಸಿದ್ದೇನೋ ಹೌದು, ಆದರೆ ಮತ ಕೇಳಲಿಲ್ಲ.

ಎರಡನೆಯದು, ಗೋವಾದ ಮೇಲ್ಪಂಕ್ತಿ. ಅಲ್ಲಿ ಸಾಧ್ಯವಾದದ್ದು ಇಲ್ಲೇಕಾಗದು ಎಂದು ಅವರ ಪ್ರಶ್ನೆ. ಮೂರನೆಯದು, ಉಳಿದೆಲ್ಲ ದಾರಿಗಳೂ ಮುಚ್ಚಿಹೋಗಿವೆ ಎಂಬ ಹತಾಶೆ. 1957ರಲ್ಲಿ ಮುಂಬಯಿ ಸರ್ಕಾರ 814 ಗ್ರಾಮಗಳು ಹಾಗೂ ಬೆಳಗಾವಿ, ಕಾರವಾರ, ನಿಪ್ಪಾಣಿ ಪಟ್ಟಣಗಳಿಗೆ ಹಕ್ಕು ಮಂಡಿಸಿತು. 1960ರಲ್ಲಿ ನೇಮಿಸಿದ ನಾಲ್ವರ ಸಮಿತಿ ಒಮ್ಮತಕ್ಕೆ ಬರಲಿಲ್ಲ. ಮಹಾಜನ್ ವರದಿ ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೂಡಿದ ದಾವೆ ಎರಡು ದಶಕ ಕಳೆದರೂ ಇತ್ಯರ್ಥವಾಗಿಲ್ಲ. ಹೀಗಿರುವಾಗ ಜನರೇ ತೀರ್ಪು ಕೊಡಲಿ ಎಂಬುದು ಇವರ ನಿಲುವು.

ಬೇಡವೆನ್ನುವವರ ವಾದ

ವಿರೋಧಿಸುವವರ ಮಾತಿನಲ್ಲೂ ತೂಕವಿದೆ. ಮೊದಲಾಗಿ, ಸಂವಿಧಾನದಲ್ಲಿ ಜನಮತಗಣನೆಗೆ ಎಡೆಯೇ ಇಲ್ಲ. ಮೂರನೆಯ ಅನುಚ್ಛೇದದ ಪ್ರಕಾರ ರಾಜ್ಯಗಳ ಎಲ್ಲೆ ಬದಲಿಸುವ ಅಧಿಕಾರ ಸಂಸತ್ತಿನದು. ಸಂಬಂಧಪಟ್ಟ ವಿಧಾನಮಂಡಲದ ಅಭಿಪ್ರಾಯವನ್ನು ರಾಷ್ಟ್ರಪತಿ ಕೇಳಬೇಕು, ಆದರೆ ಅದು ಸಂಸತ್ತನ್ನು ಕಟ್ಟಿಹಾಕದು. 1956ರ ಪುನರ್ವಿಂಗಡಣೆಯನ್ನು ಪ್ರಶ್ನಿಸಿದ್ದ ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. 2014ರಲ್ಲಿ ಆಂಧ್ರ ವಿಧಾನಸಭೆ ತಿರಸ್ಕರಿಸಿದ ಮಸೂದೆಯನ್ನೇ ಸಂಸತ್ತು ಅಂಗೀಕರಿಸಿ ತೆಲಂಗಾಣ ರಚಿಸಿತು. ಜನತಾ ಸರ್ಕಾರ 1978ರಲ್ಲಿ ಸಂವಿಧಾನದ ಕೆಲವು ಮೂಲಾಂಶಗಳ ಬದಲಾವಣೆಗೆ ಜನಮತಗಣನೆ ಕಡ್ಡಾಯಗೊಳಿಸಲು ಯತ್ನಿಸಿತಾದರೂ ರಾಜ್ಯಸಭೆ ಒಪ್ಪಲಿಲ್ಲ. ಗೋವಾದಂತೆ ವಿಶೇಷ ಕಾಯ್ದೆ ಮಾಡಲು ಸಂಸತ್ತಿಗೆ ಅಡ್ಡಿಯಿಲ್ಲ. ಆದರೆ ಹಾಗೆ ಮಾಡಲೇಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಎರಡನೆಯ ಆಕ್ಷೇಪ, ಒಂದು ಕಡೆ ಬಾಗಿಲು ತೆರೆದರೆ ಎಲ್ಲ ಕಡೆ ತೆರೆಯಬೇಕಾಗುತ್ತದೆ ಎಂಬುದು. ನಿಪ್ಪಾಣಿಯಲ್ಲಿ ಮತ ಕೇಳಿದರೆ ಜತ್ತ, ಅಕ್ಕಲಕೋಟೆಗಳಲ್ಲೂ ಕೇಳಬೇಡವೇ? ಕಾಸರಗೋಡನ್ನು ಬಿಡುವುದು ಹೇಗೆ? 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರನ್ನೂ ಯಾರೂ ಮತ ಕೇಳಿರಲಿಲ್ಲ. ವಿಚಿತ್ರವೆಂದರೆ, ಮತದಾನದ ವಾದ ಒಂದು ಊರಲ್ಲಿ ಮರಾಠಿಗರಿಗೆ ಹಿತವಾದರೆ ಇನ್ನೊಂದು ಊರಲ್ಲಿ ಕನ್ನಡಿಗರಿಗೆ ಹಿತವಾಗುತ್ತದೆ. ಆದ್ದರಿಂದಲೇ ಎರಡೂ ಸರ್ಕಾರಗಳು ಅದನ್ನು ಎಲ್ಲೆಡೆಗೂ ಅನ್ವಯಿಸುವ ಮಾತಾಡುವುದಿಲ್ಲ.

ಮೂರನೆಯದು ಗಡಿಯೂರಿನವರದೇ ಅಂಜಿಕೆ. ಮತದಾನದ ದಿನ ಮುಗಿದ ಮೇಲೆಯೂ ಅದೇ ಓಣಿಯಲ್ಲಿ ಬದುಕಬೇಕು. ಯಾರು ಯಾವ ಕಡೆ ಎಂಬುದು ಸಣ್ಣ ಊರಲ್ಲಿ ಗುಟ್ಟಾಗಿ ಉಳಿಯದು. ಬೀಗರು, ಗೇಣಿದಾರರು, ಅಂಗಡಿಯ ಗಿರಾಕಿಗಳು ಎರಡೂ ಭಾಷೆಯವರಿರುವಲ್ಲಿ ಒಂದು ಮತ ಊರನ್ನು ಸೀಳಬಲ್ಲದು.

ಎಣಿಕೆಯ ಘಟಕವೇ ತೀರ್ಪು

ವಾದ–ಪ್ರತಿವಾದಗಳ ನಡುವೆ ಹೆಚ್ಚು ಚರ್ಚೆಯಾಗದೆ ಉಳಿದಿರುವ, ಆದರೆ ಫಲಿತಾಂಶವನ್ನೇ ನಿರ್ಧರಿಸುವ ಸಂಗತಿ ಒಂದಿದೆ: ಮತ ಎಣಿಸುವ ಘಟಕ.

ಫಜಲ್ ಅಲಿ ಆಯೋಗ ಹಳ್ಳಿಹಳ್ಳಿ ಲೆಕ್ಕ ಹಾಕಲಿಲ್ಲ. ಆಡಳಿತದ ಅನುಕೂಲ ನೋಡಿ ಜಿಲ್ಲೆ, ತಾಲ್ಲೂಕುಗಳನ್ನು ಹಿಡಿಯಿತು. ಮಹಾರಾಷ್ಟ್ರ ಕೇಳುತ್ತ ಬಂದಿರುವುದು ‘ಪಾಟಸ್ಕರ್ ಸೂತ್ರ’. ಆಂಧ್ರ–ಮದರಾಸು ಗಡಿ ಇತ್ಯರ್ಥದಲ್ಲಿ ಎಚ್.ವಿ. ಪಾಟಸ್ಕರ್ ಅವರು ಗ್ರಾಮವನ್ನು ಘಟಕವಾಗಿಟ್ಟುಕೊಂಡು, ಭಾಷಿಕರ ಬಹುಮತ ಮತ್ತು ಭೂಪ್ರದೇಶದ ಸಲಗ್ನತೆಯನ್ನು ಪರಿಗಣಿಸಿದ್ದರು. ಗ್ರಾಮ ಘಟಕವಾದರೆ ಒಂದು ಉತ್ತರ ಬರುತ್ತದೆ, ತಾಲ್ಲೂಕು ಘಟಕವಾದರೆ ಇನ್ನೊಂದು, ಜಿಲ್ಲೆ ಘಟಕವಾದರೆ ಮತ್ತೊಂದು. ಜನ ಅವರೇ, ಮತವೂ ಅದೇ. ಗೆರೆ ಎಳೆಯುವವನ ಕೈ ಮಾತ್ರ ಬೇರೆ.

ತಾಲ್ಲೂಕೂ ಸ್ಥಿರವಾದ ಘಟಕವಲ್ಲ. ಮಹಾಜನ್ ಬಂದಾಗ ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿ ತಾಲ್ಲೂಕಿನಲ್ಲಿತ್ತು. 2017ರ ಬಜೆಟ್ಟಿನಲ್ಲಿ ಎರಡೂ ಹೊಸ ತಾಲ್ಲೂಕುಗಳೆಂದು ಘೋಷಣೆಯಾದವು. ಹಳೆಯ ಚಿಕ್ಕೋಡಿ ತಾಲ್ಲೂಕನ್ನು ಇಡಿಯಾಗಿ ಎಣಿಸಿದರೆ ಬರುವ ಲೆಕ್ಕ, ನಿಪ್ಪಾಣಿಯನ್ನು ಬೇರೆ ಎಣಿಸಿದರೆ ಬರದು. ಆಡಳಿತದ ಅನುಕೂಲಕ್ಕೆ ಮಾಡಿದ ವಿಭಜನೆ ನಾಳೆ ಗಡಿಯ ಲೆಕ್ಕವಾಗಬಹುದೆಂಬ ಅಳುಕು ಇರುವುದು ಇದಕ್ಕೇ. 1997ರಲ್ಲಿ ಜೆ.ಎಚ್. ಪಟೇಲ್ ಸರ್ಕಾರ ಚಿಕ್ಕೋಡಿ ಮತ್ತು ಗೋಕಾಕ ಜಿಲ್ಲೆಗಳನ್ನು ಘೋಷಿಸಿ ಬಳಿಕ ಹಿಂತೆಗೆದುಕೊಂಡಿತು. ಜಿಲ್ಲೆ ಒಡೆದರೆ ಉಳಿಯುವ ಬೆಳಗಾವಿಯಲ್ಲಿ ಕನ್ನಡದ ಬಲ ಕುಗ್ಗೀತೆಂದು ಕನ್ನಡ ಸಂಘಟನೆಗಳು ವಿರೋಧಿಸಿದ್ದವು. ಇತ್ತ ಅಥಣಿಯ ರೈತ ಜಿಲ್ಲಾ ಕಚೇರಿಯ ಒಂದು ಕಾಗದಕ್ಕಾಗಿ ದೂರದ ಬೆಳಗಾವಿಗೆ ಅಲೆಯುವುದು ತಪ್ಪಲಿಲ್ಲ. ಗಡಿಯ ಹೆಸರಿನಲ್ಲಿ ತೆರುವ ಬೆಲೆ ಇಂಥದ್ದೂ ಇದೆ.

ಯುರೋಪು ಈ ಪಾಠವನ್ನು ನೂರು ವರ್ಷದ ಹಿಂದೆಯೇ ಕಲಿತಿತ್ತು. ಜರ್ಮನಿ–ಡೆನ್ಮಾರ್ಕ್ ನಡುವಿನ ಶ್ಲೆಸ್ವಿಗ್ ಸೀಮೆಯಲ್ಲಿ 1920ರಲ್ಲಿ ಎರಡು ವಲಯಗಳಾಗಿ ಮತ ಕೇಳಲಾಯಿತು. ಉತ್ತರ ವಲಯದ ಮತಗಳನ್ನು ಒಟ್ಟಾಗಿ ಎಣಿಸಿದ್ದರಿಂದ, ಸುಮಾರು ಮುಕ್ಕಾಲು ಪಾಲು ಮತದೊಡನೆ ಅದು ಇಡಿಯಾಗಿ ಡೆನ್ಮಾರ್ಕಿಗೆ ಹೋಯಿತು. ಆ ವಲಯದೊಳಗಿನ ಟೋಂಡರ್‌ನಂಥ ಪಟ್ಟಣಗಳಲ್ಲಿ ಜರ್ಮನಿಗೆ ಬಹುಮತವಿತ್ತು; ಅವೂ ಡೆನ್ಮಾರ್ಕಿಗೇ ಹೋದವು. ದಕ್ಷಿಣ ವಲಯ ಜರ್ಮನಿಯಲ್ಲೇ ಉಳಿಯಿತು. ಎರಡೂ ಕಡೆ ಅಲ್ಪಸಂಖ್ಯಾತರು ಉಳಿದೇ ಉಳಿದರು. ಆದರೂ ಆ ಗೆರೆ ಇಂದಿಗೂ ಬದಲಾಗಿಲ್ಲ. ಅದನ್ನು ಗಟ್ಟಿಗೊಳಿಸಿದ್ದು ಮತದಾನವೊಂದೇ ಅಲ್ಲ. 1955ರಲ್ಲಿ ಎರಡೂ ದೇಶಗಳು ತಂತಮ್ಮ ನೆಲದಲ್ಲಿ ಉಳಿದ ಅಲ್ಪಸಂಖ್ಯಾತರಿಗೆ ಶಾಲೆ, ಭಾಷೆಗಳ ಹಕ್ಕು ನೀಡುವ ಘೋಷಣೆಗಳನ್ನು ಹೊರಡಿಸಿದ್ದವು.

ಮತದಾರರು ಯಾರು, ಪ್ರಶ್ನೆ ಯಾವುದು?

ಶ್ಲೆಸ್ವಿಗ್‌ನಲ್ಲಿ ಅಲ್ಲಿ ಹುಟ್ಟಿ ಬೇರೆಡೆ ನೆಲೆಸಿದವರೂ ಬಂದು ಮತ ಹಾಕಬಹುದಿತ್ತು. ಗೋವಾದಲ್ಲಿ ಮುಂಬಯಿ ಮುಂತಾದೆಡೆ ನೆಲೆಸಿದ್ದ ಗೋವನ್ನರಿಗೆ ಆ ಅವಕಾಶ ಸಿಗಲಿಲ್ಲ. ಸ್ಕಾಟ್ಲೆಂಡಿನಲ್ಲಿ ಹದಿನಾರು ದಾಟಿದ ನಿವಾಸಿಗಳೆಲ್ಲ ಮತದಾರರು. ಲಂಡನ್ನಿನಲ್ಲಿದ್ದ ಸ್ಕಾಟರಿಗೆ ಮತವಿರಲಿಲ್ಲ. ನಮ್ಮಲ್ಲಿಯಾದರೆ? ಪುಣೆ, ಇಚಲಕರಂಜಿಗಳಿಗೆ ದುಡಿಯಲು ಹೋದ ರಾಯಬಾಗದವರಿಗೆ ಮತವುಂಟೇ? ದಕ್ಷಿಣ ಜಿಲ್ಲೆಗಳಿಂದ ವರ್ಗವಾಗಿ ಬಂದ ನೌಕರರಿಗೆ? ಎಂಟು ತಿಂಗಳ ಹಿಂದೆ ಬಂದು ನೆಲೆಸಿದವರಿಗೆ? 1956ರಿಂದ ಇತ್ತೀಚೆಗೆ ಆದ ಜನಸಂಖ್ಯೆಯ ಏರುಪೇರನ್ನು ಒಪ್ಪಬೇಕೋ, ಅಂದಿನ ಸ್ಥಿತಿಗೇ ಮರಳಬೇಕೋ? ಒಂದೊಂದಕ್ಕೂ ಎರಡೆರಡು ಉತ್ತರಗಳಿವೆ, ಒಂದೊಂದು ಉತ್ತರಕ್ಕೂ ಒಂದೊಂದು ಪಕ್ಷವಿದೆ.

ಪ್ರಶ್ನೆಯ ಮಾತೂ ಹಾಗೆಯೇ. ಗೋವಾದಲ್ಲಿ ಪ್ರತ್ಯೇಕ ರಾಜ್ಯವಾಗುವ ಆಯ್ಕೆಯೂ ಇರಲಿಲ್ಲ, ಮೈಸೂರು ರಾಜ್ಯಕ್ಕೆ ಸೇರುವ ಆಯ್ಕೆಯೂ ಇರಲಿಲ್ಲ. ಬೆಳಗಾವಿ ಸೀಮೆಯಲ್ಲಿ ಮೂರನೆಯ ಆಯ್ಕೆಯೊಂದನ್ನು ಕೆಲವರು ಎತ್ತಿದ್ದಾರೆ. ತೀರ್ಪು ಬರುವವರೆಗೆ ವಿವಾದಿತ ಪ್ರದೇಶವನ್ನು ಕೇಂದ್ರಾಡಳಿತಕ್ಕೆ ಒಪ್ಪಿಸಬೇಕೆಂದು ಉದ್ಧವ್ ಠಾಕ್ರೆ 2022ರಲ್ಲಿ ಒತ್ತಾಯಿಸಿದರು. ಕರ್ನಾಟಕ ಅದನ್ನು ಸಾರಾಸಗಟಾಗಿ ತಳ್ಳಿಹಾಕುತ್ತ ಬಂದಿದೆ.

ದೇಶದೊಳಗಿನ ಎಲ್ಲೆಯನ್ನು ಮತದಿಂದಲೇ ಬದಲಿಸಿದ ದೇಶ ಸ್ವಿಟ್ಜರ್ಲೆಂಡ್. ಅಲ್ಲಿ ಬರ್ನ್ ಪ್ರಾಂತ್ಯದ ಫ್ರೆಂಚ್ ಭಾಷಿಕ ಜುರಾ ಸೀಮೆಯಲ್ಲಿ 1974ರಲ್ಲಿ ಒಟ್ಟು ಮತ, 1975ರಲ್ಲಿ ಜಿಲ್ಲೆವಾರು ಮತ, ಆಮೇಲೆ ಗಡಿಯ ಊರುಗಳ ಮತ, ಕೊನೆಗೆ 1978ರಲ್ಲಿ ಇಡೀ ದೇಶದ ಮತ ಪಡೆದು 1979ರಲ್ಲಿ ಹೊಸ ಪ್ರಾಂತ್ಯ ಹುಟ್ಟಿತು. ದಕ್ಷಿಣದ ಜಿಲ್ಲೆಗಳು ಫ್ರೆಂಚ್ ಮಾತಾಡುತ್ತಿದ್ದರೂ ಬರ್ನಿನಲ್ಲೇ ಉಳಿಯಲು ಬಯಸಿದವು. ಭಾಷೆಯೊಂದೇ ಮತವನ್ನು ನಿರ್ಧರಿಸದು ಎಂಬುದಕ್ಕೆ ಇದು ನಿದರ್ಶನ. ಅಷ್ಟಾದರೂ ಮುಟಿಯೇ ಎಂಬ ಪಟ್ಟಣದ ತಕರಾರು ಮುಗಿಯಲಿಲ್ಲ. 2017ರಲ್ಲಿ ಅಲ್ಲಿ ನಡೆದ ಮತದಾನ ಅಕ್ರಮಗಳ ಕಾರಣ ರದ್ದಾಗಿ, 2021ರಲ್ಲಿ ಮತ್ತೆ ನಡೆದು, ಪಟ್ಟಣ ಜುರಾ ಕಡೆಗೆ ವಾಲಿತು. ಶಾಂತವಾದ, ಸಿರಿವಂತವಾದ, ಮತದಾನದಲ್ಲಿ ಪಳಗಿದ ದೇಶಕ್ಕೆ ಹಿಡಿದ ಕಾಲ ಅರ್ಧ ಶತಮಾನ.

ಚುನಾವಣೆಯೇ ಜನಮತವೇ?

ಮಹಾರಾಷ್ಟ್ರ ಏಕೀಕರಣ ಸಮಿತಿಯು ಮೊದಲಿನಿಂದಲೂ ಪ್ರತಿ ಚುನಾವಣೆಯನ್ನು ಜನಮತಗಣನೆಯೆಂದೇ ಬಿಂಬಿಸಿತು. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ದಶಕಗಳ ಕಾಲ ಅದಕ್ಕೆ ಬಲವಿತ್ತು. ಬೆಳಗಾವಿ ಪಾಲಿಕೆ 2005ರಲ್ಲಿ ಮಹಾರಾಷ್ಟ್ರಕ್ಕೆ ಸೇರುವ ಠರಾವು ಮಾಡಿದಾಗ ರಾಜ್ಯ ಸರ್ಕಾರ ಪಾಲಿಕೆಯನ್ನೇ ವಿಸರ್ಜಿಸಿತು. ಆದರೆ 2018 ಮತ್ತು 2023ರ ವಿಧಾನಸಭಾ ಚುನಾವಣೆಗಳಲ್ಲಿ ಸಮಿತಿಗೆ ಒಂದು ಸ್ಥಾನವೂ ದಕ್ಕಲಿಲ್ಲ. ನಿಪ್ಪಾಣಿಯಲ್ಲಿ 2013ರಿಂದ ಸತತ ಮೂರು ಬಾರಿ ಗೆದ್ದವರು ಬಿಜೆಪಿಯ ಶಶಿಕಲಾ ಜೊಲ್ಲೆ.

ಇದನ್ನು ಕರ್ನಾಟಕದ ಪರ ತೀರ್ಪೆಂದು ಕೆಲವರು ಓದುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಮತದಾರ ಶಾಸಕನನ್ನು ಆರಿಸುವಾಗ ರಸ್ತೆ, ಜಾತಿ, ಪಕ್ಷ, ಸಕ್ಕರೆ ಕಾರ್ಖಾನೆ ಎಲ್ಲವನ್ನೂ ತೂಗುತ್ತಾನೆ. ಸಮಿತಿ ಗೆದ್ದಾಗ ಅದು ಜನಮತಗಣನೆಯಲ್ಲ ಎನ್ನುವವರು ಅದು ಸೋತಾಗಲೂ ಹಾಗೆಯೇ ಅನ್ನಬೇಕಾಗುತ್ತದೆ. ಹೇಳಬಹುದಾದದ್ದು ಇಷ್ಟೆ: ಗಡಿ ಪ್ರಶ್ನೆಯೊಂದನ್ನೇ ಮುಂದಿಟ್ಟು ಮತ ಕೇಳುವ ಕಾಲ ಹಿಂದೆ ಸರಿದಿದೆ.

1981ರ ನಿಪ್ಪಾಣಿಯ ತಂಬಾಕು ಚಳವಳಿ ಇದಕ್ಕೆ ಹಳೆಯ ಸೂಚನೆ. ಶರದ್ ಜೋಶಿ ಅವರ ನೇತೃತ್ವದಲ್ಲಿ ಹೆದ್ದಾರಿಯಲ್ಲಿ ಬೀಡುಬಿಟ್ಟ ಬೆಳೆಗಾರರು ಕೇಳಿದ್ದು ರಾಜ್ಯವನ್ನಲ್ಲ, ತಂಬಾಕಿಗೆ ದರವನ್ನು. ಆ ಏಪ್ರಿಲ್‌ನಲ್ಲಿ ಗೋಲಿಬಾರಿಗೆ ರೈತರು ಬಲಿಯಾದರು. ಅಲ್ಲಿ ಕನ್ನಡಿಗ, ಮರಾಠಿಗ ಎಂಬ ಸಾಲುಗಳಿರಲಿಲ್ಲ.

ಮೂರನೆಯ ದನಿ

ಬೇಕು, ಬೇಡ ಎಂಬ ಎರಡು ದನಿಗಳ ನಡುವೆ ಗಡಿಯೂರುಗಳಲ್ಲಿ ಕೇಳುವ ಮೂರನೆಯ ದನಿಯಿದೆ. ಯಾವ ರಾಜ್ಯವಾದರೂ ಸರಿ, ನಮ್ಮ ಕೆಲಸ ನಮ್ಮ ಮಾತಿನಲ್ಲಿ ಆಗಲಿ ಎಂಬುದು ಅದರ ಸಾರ.

ಇದಕ್ಕೆ ಕಾನೂನಿನ ಆಧಾರವೂ ಇದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ 350ಎ ಅನುಚ್ಛೇದ ಅವಕಾಶ ಕೊಡುತ್ತದೆ. ಒಂದು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕೆಂಬ ಒಪ್ಪಂದ 1949ರಿಂದಲೂ ಇದೆ. ಅಲ್ಪಸಂಖ್ಯಾತ ಭಾಷಿಕರು ಶೇ. 15ರಷ್ಟಿರುವ ಕಡೆ ಮುಖ್ಯ ಕಾಯ್ದೆ, ನಿಯಮ, ಪ್ರಕಟಣೆಗಳು ಅವರ ಭಾಷೆಯಲ್ಲೂ ದೊರೆಯಬೇಕೆಂಬುದು ರಾಷ್ಟ್ರೀಯ ನೀತಿ. ಇವು ಕಾಗದದಲ್ಲಿ ಉಳಿಯದೆ ನಿಪ್ಪಾಣಿಯ ಮರಾಠಿಗನಿಗೂ ಜತ್ತದ ಕನ್ನಡಿಗನಿಗೂ ಸಮನಾಗಿ ದೊರೆತರೆ ಜನಮತಗಣನೆಯ ಬೇಡಿಕೆಯ ಕಾವು ತಾನಾಗಿ ಇಳಿಯುತ್ತದೆ ಎಂದು ಈ ದನಿ ಹೇಳುತ್ತದೆ. ಭಾಷೆಗೆ ಕಚೇರಿಯಲ್ಲಿ ಮರ್ಯಾದೆ ಸಿಗದಾಗಲೇ ಗಡಿಯ ನೆನಪು ಬರುವುದು.

ನೀರಿನ ಮಾತೂ ಅಷ್ಟೇ ಮುಖ್ಯ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ಚಿಕ್ಕೋಡಿ, ಅಥಣಿ, ಕಾಗವಾಡದವರಿಗೆ ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬರಬೇಕು. ಮಳೆಗಾಲದಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿದಾಗ, 2005, 2019 ಮತ್ತು 2021ರಲ್ಲಿ ಆದಂತೆ, ಎರಡೂ ಕಡೆಯ ಊರುಗಳು ಒಟ್ಟಿಗೆ ಮುಳುಗುತ್ತವೆ. ಗಡಿಯಾಚೆಯ ಜತ್ತದ ಕೆಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತಾಡಿದ್ದು ಮುಖ್ಯವಾಗಿ ನೀರಿನ ಬವಣೆಯಿಂದ. ಭಾಷೆ ಅದಕ್ಕೆ ಜೊತೆಯಾಯಿತು. ಆ ಠರಾವುಗಳನ್ನು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 2022ರ ನವೆಂಬರ್‌ನಲ್ಲಿ ಪ್ರಸ್ತಾಪಿಸಿದಾಗ ಉಭಯ ರಾಜ್ಯಗಳಲ್ಲೂ ಬಸ್ಸುಗಳ ಮೇಲೆ ಮಸಿ ಬಿತ್ತು, ಕಲ್ಲು ಬಿತ್ತು.

ಸದ್ಯದ ಸ್ಥಿತಿ

2022ರ ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಎರಡೂ ಮುಖ್ಯಮಂತ್ರಿಗಳನ್ನು ಕೂರಿಸಿಕೊಂಡು ಮಾತಾಡಿದರು. ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ಯಾರೂ ಹೊಸ ಹಕ್ಕು ಮಂಡಿಸಬಾರದು, ತಲಾ ಮೂವರು ಸಚಿವರ ಸಮಿತಿ ಸಣ್ಣಪುಟ್ಟ ತಂಟೆಗಳನ್ನು ಬಗೆಹರಿಸಬೇಕು ಎಂದು ತೀರ್ಮಾನವಾಯಿತು. ಎರಡು ವಾರದೊಳಗೆ ಎರಡೂ ಶಾಸನಸಭೆಗಳು ಪರಸ್ಪರ ವಿರುದ್ಧ ನಿರ್ಣಯ ಅಂಗೀಕರಿಸಿದವು: ಒಂದು ಇಂಚೂ ಬಿಡೆವೆಂದು ಬೆಳಗಾವಿಯಲ್ಲಿ, 865 ಗ್ರಾಮಗಳು ನಮ್ಮವೆಂದು ನಾಗಪುರದಲ್ಲಿ. 2023ರಲ್ಲಿ ಮಹಾರಾಷ್ಟ್ರ ತನ್ನ ಆರೋಗ್ಯ ವಿಮಾ ಯೋಜನೆಯನ್ನು ಆ 865 ಗ್ರಾಮಗಳಿಗೆ ವಿಸ್ತರಿಸಲು ಮುಂದಾದಾಗ ಕರ್ನಾಟಕ ಆಕ್ಷೇಪಿಸಿತು.

ಈ ನಿರ್ಣಯಗಳಲ್ಲಿ ‘ಜನರ ಭಾವನೆ’ ಎಂಬ ಮಾತಿಗೆ ಕೊರತೆಯಿಲ್ಲ. ಆ ಭಾವನೆಯನ್ನು ಅಳೆಯುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಹಾಗೆಂದು ಅಳೆದುಬಿಟ್ಟರೆ ಎಲ್ಲ ಮುಗಿಯುತ್ತದೆಂದೂ ಅಲ್ಲ. ಗೋವಾದ ಉದಾಹರಣೆ ಹೇಳುವುದು, ಎಲ್ಲೆ ಖಚಿತವಾಗಿರುವ ಕಡೆ, ಪ್ರಶ್ನೆ ಸ್ಪಷ್ಟವಿರುವ ಕಡೆ, ಸೋತವರೂ ಒಪ್ಪುವ ಕಡೆ ಜನಮತ ಕೆಲಸ ಮಾಡುತ್ತದೆ ಎಂದು. ಚಿಕ್ಕೋಡಿ–ನಿಪ್ಪಾಣಿ ಸೀಮೆಯಲ್ಲಿ ಈ ಮೂರೂ ಇಲ್ಲ. ಅವು ಕೂಡಿಬರುವವರೆಗೆ ಗಡಿಯ ಜನರಿಗೆ ಸಲ್ಲಬೇಕಾದದ್ದು ಮತಪೆಟ್ಟಿಗೆಗಿಂತ ಮೊದಲು ಓದಲು ಬರುವ ಭಾಷೆಯಲ್ಲೊಂದು ಉತಾರ, ಶಿಕ್ಷಕರಿರುವ ಶಾಲೆ ಮತ್ತು ಬೇಸಿಗೆಯಲ್ಲಿ ಹರಿಯುವ ನದಿ. ಇವನ್ನು ಕೊಡಲು ಯಾವ ರಾಜ್ಯವೂ ತೀರ್ಪಿಗಾಗಿ ಕಾಯಬೇಕಿಲ್ಲ.